ಬೇವಿನ ಹೂವಿಗೆ ಹಾಸಿದ ಧೋತ್ರ

ಕಾಡಿನಲ್ಲಿ ನಡೆಯುವುದರಲ್ಲಿ ನಾನು ನಿಪುಣ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ತೆಲುಗು ಸೀಮೆಯ ಮಣಿಕೊಂಡದ ನಮ್ಮ ಮನೆಯಿಂದ ತುಸು ದೂರದಲ್ಲಿ, ದೊಡ್ಡ ಬಂಡೆಗಳ ನಡುವೆ, ಬೇಲಿ ಹಾಕಿ ಉಳಿಸಿಕೊಂಡ ಒಂದು ಕಾಡಿದೆ. ಅದರ ಕಾಲುದಾರಿ ಹಿಡಿದೆನೆಂದರೆ ನನಗೆ ಆಫೀಸೂ ನೆನಪಿರುವುದಿಲ್ಲ, ತರಬೇಕಾದ ಹಾಲೂ ನೆನಪಿರುವುದಿಲ್ಲ.

ಆದ್ದರಿಂದ ಯುಗಾದಿಯ ಹಿಂದಿನ ದಿನ ಅತ್ತೆಯವರು ಬೇವಿನ ಹೂವಿನ ಮಾತೆತ್ತಿದಾಗ, ಇದು ನನಗೆಂದೇ ಹುಟ್ಟಿದ ಕೆಲಸ ಅನ್ನಿಸಿತು.

ಅತ್ತೆಯವರು ರಾಯಚೂರಿನವರು. ಹಬ್ಬಕ್ಕೆ ಮಗಳ ಮನೆಗೆ ಬಂದದ್ದು ಇದೇ ಮೊದಲು. ಮಗಳು, ಅಂದರೆ ನನ್ನ ಹೆಂಡತಿ ಸುಧಾ, ಆ ಸಂಭ್ರಮದಲ್ಲಿ ಮನೆಯ ಪರದೆಗಳನ್ನೆಲ್ಲ ಎರಡೆರಡು ಸಲ ಒಗೆದಿದ್ದಳು. ಅತ್ತೆಯವರ ಮನೆತನದಲ್ಲಿ ಯುಗಾದಿಯ ಬೆಳಿಗ್ಗೆ ಮೊದಲು ಬಾಯಿಗೆ ಹೋಗಬೇಕಾದದ್ದು ಬೇವು: ಬೇವಿನ ಹೂವು, ಬೆಲ್ಲ, ಹುಣಸೆಹುಳಿ, ಹುರಿಗಡಲೆ ಕಲಸಿದ ಪಾನಕ. ಹೂವು ಮಾತ್ರ ಮರದಿಂದ ತಾನಾಗಿ ಉದುರಿದ್ದೇ ಆಗಬೇಕು. ಕಿತ್ತದ್ದು ನಡೆಯುವುದಿಲ್ಲ, ನೆಲಕ್ಕೆ ಬಿದ್ದದ್ದೂ ನಡೆಯುವುದಿಲ್ಲ. ಮರದ ಕೆಳಗೆ ಬಟ್ಟೆ ಹಾಸಿ ಹಿಡಿಯಬೇಕು.

"ಬಜಾರದಾಗ ಸಿಗ್ತಾವಬೇ ಅವ್ವ," ಎಂದಳು ಸುಧಾ.

"ಅವು ಯಾರ ಕಾಲಾಗ ಬಿದ್ದಿದ್ವೋ ಏನೋ. ನೀ ಏನೂ ತ್ರಾಸ ತಗೋಬ್ಯಾಡ. ಸಂಜಿಗೆ ಕಾಚಿಗೂಡ ಟೇಸನ್ನಿನಾಗ ಗಾಡಿ ಐತಿ, ನಾ ಊರಿಗೆ ಹೋಗ್ತೀನಿ. ನಿಮ್ಮಣ್ಣನ ಮನಿ ಅಂಗಳದಾಗ ಗಿಡ ಐತಲ್ಲ."

ಸುಧಾಳ ಮುಖ ಇಳಿದುಹೋಯಿತು. ನಾನು ಎದ್ದು ನಿಂತೆ.

"ನೀವು ಎಲ್ಲೂ ಹೋಗಬ್ಯಾಡ್ರಿ ಅತ್ತಿಯವ್ರ. ಮಧ್ಯಾಹ್ನದೊಳಗ ಹೂವು ತರ್ತೀನಿ."

"ಸೀದಾ ಹೋಗಿ ಸೀದಾ ಬರ್ರಿ. ಅಲ್ಲಿ ಇಲ್ಲಿ ನೋಡ್ಕೋತ ನಿಲ್ಲಬ್ಯಾಡ್ರಿ," ಎಂದಳು ಸುಧಾ. ಇಂಥ ಅಪನಂಬಿಕೆಗೆ ನಾನು ಉತ್ತರ ಕೊಡುವುದಿಲ್ಲ. ಕುರ್ಚಿಯ ಮೇಲಿದ್ದ ಬಿಳಿ ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ.

ಹೊಂಗೆಯ ಹೊಸ ಎಲೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಎಲೆಯೇ ಇಲ್ಲದ ಮುತ್ತುಗದ ಕೊಂಬೆಗಳಲ್ಲಿ ಕೊನೆಯ ಕೆಂಪು ಹೂಗಳಿದ್ದವು. ಕಾಲ ಕೆಳಗೆ ಒಣಗಿದೆಲೆ, ತಲೆಯ ಮೇಲೆ ಎಳೆಯೆಲೆ. ನಡುವೆ ನಾನು, ಯಾವ ಊರಿನವನು, ಯಾಕೆ ಬಂದವನು ಎಂಬುದನ್ನೆಲ್ಲ ನಿಧಾನವಾಗಿ ಮರೆಯುತ್ತ ನಡೆದೆ. ಎಲ್ಲೋ ನವಿಲು ಕೂಗಿತೆಂದು ಒಂದು ಕವಲು ಹಿಡಿದೆ. ನವಿಲು ಸಿಗಲಿಲ್ಲ. ತಂಪು ವಾಸನೆಯೊಂದು ಬಂತೆಂದು ಇನ್ನೊಂದು ಕವಲು ಹಿಡಿದೆ. ಬೇವಿನ ಮರ ಸಿಕ್ಕಿತು! ನಾನು ಅದನ್ನೇ ಹುಡುಕಲು ಬಂದದ್ದು ಆಗ ನೆನಪಾಯಿತು.

ಬಟ್ಟೆ ಬಿಚ್ಚಿದೆ. ಹಸಿರು ಅಂಚು ಕಂಡಿತು. ಹಬ್ಬಕ್ಕೆ ಉಡಲೆಂದು ಅತ್ತೆಯವರು ನನಗೆ ತಂದಿದ್ದ ಹೊಸ ಧೋತ್ರ ಅದು. ಹೂವು ತಾನೆ, ಕಲೆಯೇನಾದೀತು ಎಂದು ಹಾಸಿಯೇಬಿಟ್ಟೆ.

"ಸಾರ್, ಪೂಲು ಕೊಯ್ಯೊದ್ದು," ಎನ್ನುತ್ತ ಕಾವಲುಗಾರ ಸೈಕಲ್ ನಿಲ್ಲಿಸಿದ. ನಾನು ಹೂವು ಕೊಯ್ಯುತ್ತಿಲ್ಲ, ಕೊಂಬೆ ಅಲುಗಿಸುತ್ತಲೂ ಇಲ್ಲ. ಹೂವು ಸ್ವಇಚ್ಛೆಯಿಂದ ಉದುರಿದರೆ ಸ್ವೀಕರಿಸಲು ಸಿದ್ಧನಾಗಿದ್ದೇನೆ ಎಂದು ನನಗೆ ಬರುವ ತೆಲುಗಿನಲ್ಲಿ ನಿವೇದಿಸಿದೆ. ಅವನು ಮರವನ್ನು ನೋಡಿದ, ಧೋತ್ರವನ್ನು ನೋಡಿದ, ನನ್ನನ್ನು ನೋಡಿದ. "ಸರೇ, ಪಡೇದಾಕ ಕೂಚೋಂಡಿ," ಎಂದು, ಉದುರುವ ತನಕ ಕೂರಲು ಅಪ್ಪಣೆ ಕೊಟ್ಟು ಹೋದ.

ಕುಳಿತೆ. ಗಾಳಿ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹೂವು ಉದುರಿತು. ಧೋತ್ರದಾಚೆ ಬಿತ್ತು. ಮರದ ಮೇಲೆ ನಿಗಾ ಇಡಲು ಅನುಕೂಲವೆಂದು ಧೋತ್ರದ ಮೇಲೇ ಅಂಗಾತ ಮಲಗಿದೆ. ಜೇನುಹುಳಗಳ ಗುಂಯ್‌ಗುಡುವಿಕೆ, ಎಲೆಗಳ ನಡುವಿನಿಂದ ಜಾರಿ ಬರುವ ಬೆಳಕು. ನಿಜ ಹೇಳುತ್ತೇನೆ, ಬಹಳ ಸುಖವಾಯಿತು. ಕನಸಿನಲ್ಲಿ ಅತ್ತೆಯವರು ಕಾಚಿಗೂಡ ಸ್ಟೇಷನ್ನಿನಲ್ಲಿ ನಿಂತು, "ನಾ ಒಲ್ಲೆ, ಇಂಥ ಅಳಿಯನ್ನ ಬಿಟ್ಟು ಹ್ಯಾಂಗ ಹೋಗ್ಲಿ," ಎಂದು ಗಾಡಿಯನ್ನು ಖಾಲಿ ಕಳಿಸುತ್ತಿದ್ದರು.

ಫೋನು ಎಬ್ಬಿಸಿತು. "ಎಲ್ಲಿದ್ದೀರಿ? ಅವ್ವ ಚೀಲ ಕಟ್ಟಾಕತ್ತಾಳ."

ಎದ್ದು ನೋಡಿದರೆ, ನಾನು ಮಲಗಿದ್ದ ಆಕಾರವೊಂದನ್ನು ಬಿಟ್ಟು ಧೋತ್ರದ ತುಂಬ ಬೆಳ್ಳನೆಯ ಹೂವು. "ಸಿಕ್ಕಾವ, ಬಂದೆ," ಎಂದೆ. ಅಷ್ಟರಲ್ಲಿ ಹೂವಿನ ನಡುವೆ ಇರುವೆಗಳು ಕಂಡವು. ಇರುವೆ ಮುತ್ತಿದ ಹೂವನ್ನು ಅತ್ತೆಯವರ ಮುಂದಿಡುವುದೇ? ಅಂಚು ಹಿಡಿದು ಮೆಲ್ಲಗೆ ಕೊಡವಿದೆ. ಅಷ್ಟು ಹೊತ್ತು ಎಲ್ಲಿತ್ತೋ ಏನೋ, ಆಗ ಬಂತು ಗಾಳಿ. ಹೂವೆಲ್ಲ ಹೋಯಿತು. ಇರುವೆಗಳು ಉಳಿದವು.

ಮನೆಗೆ ಆಟೊ ಹಿಡಿದೆ. ಚಾಲಕ ಕನ್ನಡಿಯಲ್ಲಿ ನನ್ನನ್ನೇ ನೋಡಿ ನೋಡಿ ನಗುತ್ತಿದ್ದ. ನನ್ನ ಸೋಲು ಮುಖದ ಮೇಲೆ ಬರೆದಿರಬೇಕು ಅಂದುಕೊಂಡೆ.

ಬಾಗಿಲಲ್ಲೇ ಚೀಲ ಇತ್ತು. ಸುಧಾ ನನ್ನ ಬರಿಗೈ ನೋಡಿ ಕಣ್ಣು ತುಂಬಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಧೋತ್ರವನ್ನು ಬೆನ್ನ ಹಿಂದೆ ಮುಚ್ಚಿಟ್ಟು ತಲೆ ತಗ್ಗಿಸಿ ನಿಂತೆ.

"ಹಂಗೇ ನಿಂದರ್ರಿ," ಎಂದರು ಅತ್ತೆಯವರು. "ಸುಧಾ, ತಾಟು ತಾ."

ನನ್ನ ತಲೆಯಲ್ಲಿ ಉಳಿದಿರುವ ಕೂದಲ ತುಂಬ ಬೇವಿನ ಹೂವು ಸಿಕ್ಕಿಕೊಂಡಿತ್ತು. ಕಿವಿಯ ಹಿಂದಿನಿಂದ, ಕಾಲರಿನಿಂದ, ಅಂಗಿಯ ಕಿಸೆಯಿಂದ ಅತ್ತೆಯವರು ಒಂದೊಂದಾಗಿ ಆರಿಸಿ ತಾಟಿಗೆ ಹಾಕಿದರು. ಒಂದು ಹಿಡಿ ಆಯಿತು.

"ತಾವಾಗೇ ಉದುರ್ಯಾವ, ನೆಲಕ್ಕ ಬಿದ್ದಿಲ್ಲ. ನಡೀತಾವ," ಎಂದು ತೀರ್ಪು ಕೊಟ್ಟರು. "ಆದ್ರೂ ಅಮಾಸಿ ದಿನ ಗಿಡದ ಬುಡಕ ಮಲಗೋದೇನ್ರಿ?"

ಸುಧಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಚೀಲ ಒಳಗೆ ಹೋಯಿತು.

ಮರುದಿನ ಅದೇ ಧೋತ್ರ ಉಟ್ಟು ಬೇವು ಕುಡಿದೆ. ಧೈರ್ಯ ಬಂತು. "ಮುಂದಿನ ವರ್ಷಾನೂ ಹೂವು ನಾನೇ ತರ್ತೀನ್ರಿ ಅತ್ತಿಯವ್ರ," ಎಂದೆ.

ಅತ್ತೆಯವರು ನನ್ನ ನೆತ್ತಿಯನ್ನು ಒಮ್ಮೆ ದೀರ್ಘವಾಗಿ ನೋಡಿ, ಮಗಳ ಕಡೆ ತಿರುಗಿದರು.

"ಮುಂದಿನ ವರ್ಷಾನೂ ಹಬ್ಬಕ್ಕ ಇಲ್ಲೇ ಬರ್ತೀನವಾ. ಆದ್ರ ಹೂವಿಗೆ ನೀ ಹೋಗು. ಅಷ್ಟೊತ್ತಿಗೆ ಇವ್ರ ತಲಿಮ್ಯಾಲೆ ಏನೂ ನಿಲ್ಲಂಗಿಲ್ಲ."