ಬಾಯಿಲೆಕ್ಕದ ಆಟ, ಕೈಲಿ ಹಿಡಿದ ಜೀವ

ಕಂಪ್ಯೂಟರ್ ಕಲಿಸುವವರನ್ನು ಪಜೀತಿಗಳು ಹುಡುಕಿಕೊಂಡು ಬರುತ್ತವೆ. ನನ್ನ ಹತ್ತಿರ ಬರುವಾಗ ಜೊತೆಗೆ ನೆಂಟರನ್ನೂ ಕರೆತರುತ್ತವೆ.

ಧಾರವಾಡದ ಮಾಳಮಡ್ಡಿಯ ಒಂದು ಸಣ್ಣ ಶಾಲೆಯಲ್ಲಿ ನಾನು ಕಂಪ್ಯೂಟರ್ ಟೀಚರ್. ಕಂಪ್ಯೂಟರ್ ಕೋಣೆ ಮುಚ್ಚಿ ಅಲ್ಲಿ ಮುರಿದ ಬೆಂಚುಗಳನ್ನು ಇಡಬೇಕೆಂದು ಕಮಿಟಿಯವರು ವಿಚಾರ ಮಾಡಿದ್ದರು. ಕೋಣೆ ಹೋದರೆ ನನ್ನ ನೌಕರಿಯೂ ಹೋದಂತೆ. ನಾವೆಲ್ಲ ದೊಡ್ಡಕ್ಕೋರು ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಶಾಲಿ ವಾರ್ಷಿಕ ಗ್ಯಾದರಿಂಗಿನ್ಯಾಗ ಕಮಿಟಿ ಅಧ್ಯಕ್ಷರ ಮುಂದ ಏನರೆ ಮಾಡಿ ತೋರಸ್ರಿ. ಅವರ ಮನಸಿಗೆ ಬಂದ್ರ ಕೋಣಿ ಉಳೀತದ" ಎಂದರು.

ಬಾಯಿಲೆಕ್ಕದ ಆಟ ಮಾಡುತ್ತೇನೆಂದು ಒಪ್ಪಿಕೊಂಡುಬಿಟ್ಟೆ. ಪರದೆಯ ಮೇಲೆ ಲೆಕ್ಕ ಬರುತ್ತದೆ, ಹತ್ತು ಸೆಕೆಂಡಿನೊಳಗೆ ಉತ್ತರ ಒತ್ತಬೇಕು, ಇಲ್ಲವಾದರೆ ಗಂಟೆ ಬಾರಿಸುತ್ತದೆ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

ನಡುವೆ ಹತ್ತುವುದು

ಮೊದಲ ಪರೀಕ್ಷೆ ಆರನೆಯ ಇಯತ್ತೆಯ ಮಕ್ಕಳ ಮೇಲೆ. ಜಾಣೆ ಎಂದು ಹೆಸರಾದ ಹುಡುಗಿಯನ್ನೇ ಕೂರಿಸಿದೆ. ಎಂಟೊಂಬತ್ತಲಿ ಎಷ್ಟು ಎಂದು ಪರದೆ ಕೇಳಿತು. ಅವಳು ಕಣ್ಣು ಮುಚ್ಚಿ, ಕೈ ಕಟ್ಟಿ, "ಎಂಟೊಂದ್ಲಿ ಎಂಟು, ಎಂಟೆರಡ್ಲಿ ಹದಿನಾರು" ಎಂದು ರಾಗವಾಗಿ ಶುರು ಮಾಡಿದಳು. ಇಡೀ ವರ್ಗ ದನಿಗೂಡಿಸಿತು. ಐವತ್ತಾರಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು.

"ನಡುವಿನಿಂದ ಹೇಳಾಕ ಬರೂದಿಲ್ಲೇನ?" ಎಂದೆ, ಸಿಟ್ಟು ನುಂಗಿಕೊಂಡು.

"ಬರತೈತ್ರಿ ಅಕ್ಕೋರ. ಆದ್ರ ನಡುವ ಹತ್ತಿದ್ರ ಸೀಟು ಸಿಗೂದಿಲ್ರಿ."

ಪರದೆಗೆ ರೀತಿ ಕಲಿಸಿದ್ದು

ಉತ್ತರ ತಪ್ಪಾದರೆ ಕೆಂಪಕ್ಷರದಲ್ಲಿ 'ತಪ್ಪು' ಎಂದು ಬರುವಂತೆ ಮಾಡಿದ್ದೆ. ದೊಡ್ಡಕ್ಕೋರು ನೋಡಿದವರೇ ಹೌಹಾರಿದರು. "ಪಾಲಕರು ಬರ್ತಾರ, ಹಿರೇರು ಬರ್ತಾರ. ಮಾರಿ ಮ್ಯಾಲೆ ತಪ್ಪು ಅಂತೀರೇನ್ರಿ? ಧಾರವಾಡದಾಗ ಹಂಗ ಅನ್ನೂದಿಲ್ಲ."

ಅವರೇ ಒಂದು ಒಕ್ಕಣೆ ಬರೆಸಿದರು: 'ನಿಮ್ಮ ಉತ್ತರ ಛಲೋ ಇತ್ತು. ಇನ್ನೊಮ್ಮೆ ವಿಚಾರ ಮಾಡಿದ್ದರ ಇನ್ನೂ ಛಲೋ ಆಗತಿತ್ತು. ಸಿಟ್ಟಾಗಬ್ಯಾಡ್ರಿ.'

ಹಾಕಿದೆ. ಆದರೆ ಈ ಉಪಚಾರ ನಡೆಯುವಾಗ ಹಿಂದೆ ಗಡಿಯಾರ ಓಡುತ್ತಲೇ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ದೊಡ್ಡಕ್ಕೋರು ತಾವೇ ಆಡಲು ಕುಳಿತರು, ಮೊದಲ ಲೆಕ್ಕವನ್ನು ತಪ್ಪಿದರು, ತಮ್ಮ ಒಕ್ಕಣೆಯನ್ನು ತಾವೇ ದೊಡ್ಡ ದನಿಯಲ್ಲಿ ಓದಿ ಖುಷಿಪಟ್ಟರು. ಗಂಟೆ ಬಾರಿಸಿತು.

"ಈ ಗಂಟಿ ಯಾಕ?"

"ಎರಡನೇ ಲೆಕ್ಕದ ವೇಳೆ ಮುಗೀತ್ರಿ."

"ಎರಡನೇ ಲೆಕ್ಕ ಬಂದದ್ದರೆ ಯಾವಾಗ?"

"ನೀವು 'ಸಿಟ್ಟಾಗಬ್ಯಾಡ್ರಿ' ಓದೂಮುಂದರಿ."

ಸೊನ್ನೆಯ ಪೆಟ್ಟು

ಗ್ಯಾದರಿಂಗ್ ಹತ್ತಿರ ಬಂತು. ಕೊನೆಯ ತಾಲೀಮಿನಲ್ಲಿ ಆಟ ತಾನೇ ಒಂದು ಲೆಕ್ಕ ಹುಟ್ಟಿಸಿತು: ಎಂಟನ್ನು ಸೊನ್ನೆಯಿಂದ ಭಾಗಿಸು. ಸೊನ್ನೆಯನ್ನು ಮುಟ್ಟಬೇಡ ಎಂದು ಅದಕ್ಕೆ ಹೇಳುವುದನ್ನು ಮರೆತಿದ್ದೆ. ಪರದೆ ಕಲ್ಲಾಯಿತು. ಯಾವ ಕೀ ಒತ್ತಿದರೂ ಮಿಸುಕಲಿಲ್ಲ. ಅಧ್ಯಕ್ಷರ ಮುಂದೆ ಹೀಗಾದರೆ ಮುಗಿಯಿತು ಕತೆ.

"ಅಕ್ಕೋರ, ಅದಕ್ಕೂ ಬರವಲ್ದು!" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ವರ್ಗವೆಲ್ಲ ಚಪ್ಪಾಳೆ ತಟ್ಟಿತು. ಇನ್ನೊಂದು ದನಿ ನ್ಯಾಯ ಹೇಳಿತು: "ಬರಲಿಲ್ಲಂದ್ರ ಅದನ್ನೂ ಹೊರಗ ನಿಂದ್ರಸ್ರಿ."

ಗುರುಗಳ ಮುಂದೆ

ಗ್ಯಾದರಿಂಗಿನ ಸಂಜೆ. ಸೊನ್ನೆಗೆ ಬೇಲಿ ಹಾಕಿದ್ದೆ, ಮಕ್ಕಳ ಆಟ ಹೂವಿನಂತೆ ಸಾಗಿತು. ಇನ್ನೇನು ಗೆದ್ದೆ ಎನ್ನುವಾಗ ದೊಡ್ಡಕ್ಕೋರು ಮೈಕಿನಲ್ಲಿ, ಈಗ ಅಧ್ಯಕ್ಷರೂ ಮುಖ್ಯ ಅತಿಥಿಗಳೂ ಆಡುತ್ತಾರೆಂದು ಸಾರಿದರು. ಅತಿಥಿಗಳೆಂದರೆ ಇದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಅಧ್ಯಕ್ಷರು ಅವರ ಹಳೆಯ ವಿದ್ಯಾರ್ಥಿ.

ಇಬ್ಬರ ಮುಂದೂ ಒಂದೊಂದು ಕೀಬೋರ್ಡ್. ಮೊದಲು ಸರಿ ಒತ್ತಿದವರಿಗೆ ಅಂಕ, ತಪ್ಪೊತ್ತಿದರೆ ಎದುರಿನವರಿಗೆ ಅಂಕ. ಇಬ್ಬರೂ ಸಮವಾದರೆ ಒಬ್ಬರು ಮುಂದೆ ಹೋಗುವವರೆಗೆ ಲೆಕ್ಕ ಬರುತ್ತಲೇ ಇರುತ್ತದೆ.

ಆರ್ನಾಲ್ಕಲಿ ಎಷ್ಟು ಎಂದು ಬಂತು. ಅಧ್ಯಕ್ಷರು ಕೈಮುಗಿದರು. "ಸರ, ನೀವು ಒತ್ರಿ."

"ಛೇ ಛೇ, ನೀವು ಅಧ್ಯಕ್ಷರು. ನೀವ ಮೊದಲ ಒತ್ರಿ" ಎಂದರು ಮಾಸ್ತರರು.

"ಗುರುಗಳ ಮುಂದ ನಾ ಹೆಂಗ ಒತ್ತಲ್ರಿ?"

ಗಂಟೆ. ಮುಂದಿನ ಲೆಕ್ಕಕ್ಕೂ ಅದೇ ಮಾತು, ಮತ್ತೆ ಗಂಟೆ. ಎಲ್ಲ ಲೆಕ್ಕಗಳೂ ಮುಗಿದವು. ಸೊನ್ನೆಗೆ ಸೊನ್ನೆ ಸಮವಾಗಿದ್ದರಿಂದ ಆಟ ಹೊಸ ಲೆಕ್ಕಗಳನ್ನು ಹಾಕತೊಡಗಿತು. ಮಕ್ಕಳು ನಡುವೆ ಕೆಡಿಸಬಾರದೆಂದು ಆಟ ನಿಲ್ಲಿಸುವ ಕೀಯನ್ನು ನಾನೇ ಬಂದ್ ಮಾಡಿದ್ದೆ. ಪ್ಲಗ್ ಕಿತ್ತರೆ ಅವಮಾನ, ಕೀಳದಿದ್ದರೆ ಆಟಕ್ಕೆ ಕೊನೆಯಿಲ್ಲ. ಜನ ಆಕಳಿಸತೊಡಗಿದರು. ಪಕ್ಕದಲ್ಲಿ ಕಮಿಟಿಯವರೊಬ್ಬರು, "ಬೆಂಚು ನಾಳೆನ ಸಾಗಸೂಣೇನ್ರಿ?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಏಳೆಂಟಲಿ ಎಷ್ಟು ಎಂದು ಬಂತು. ಅಧ್ಯಕ್ಷರಿಗೆ ಏನು ಹೊಳೆಯಿತೋ, ನಸುನಕ್ಕು ಐವತ್ನಾಲ್ಕು ಒತ್ತಿದರು.

ಮಾಸ್ತರರು ಪರದೆ ನೋಡಿದರು. ಮುಖದ ಮೇಲಿದ್ದ ಸೌಜನ್ಯವೆಲ್ಲ ಇಳಿದುಹೋಯಿತು. "ಏ! ಏಳೆಂಟ್ಲಿ ಐವತ್ನಾಕೇನೋ? ಎದ್ದು ನಿಂದ್ರು! ಏಳರ ಮಗ್ಗಿ ಹೇಳು!"

ಶಾಲು ಹೊದ್ದ ಅಧ್ಯಕ್ಷರು ಎದ್ದು ನಿಂತರು. ಕೈ ತಾನಾಗಿಯೇ ಕಟ್ಟಿಕೊಂಡಿತು. ಮೈಕಿನ ಮುಂದೆ ಏಳರ ಮಗ್ಗಿ ಪೂರಾ ಹೇಳಿದರು, ಒಂದೂ ತಪ್ಪಲಿಲ್ಲ. "ಹೂಂ, ಕೂಡು" ಎಂದರು ಮಾಸ್ತರರು. ಅಂಕ ಅವರಿಗೆ ಹೋಗಿ ಆಟ ನಿಂತಿತು. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆಯೋ ಚಪ್ಪಾಳೆ.

ನಾನು ವೇದಿಕೆಯ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಅಧ್ಯಕ್ಷರು ಮುಖ ಒರೆಸಿಕೊಳ್ಳುತ್ತ ಇಳಿದು ಬಂದರು.

"ಅಕ್ಕೋರ, ಕೋಣಿ ಮುಚ್ಚೂದು ಬ್ಯಾಡ್ರಿ. ಇಂಥಾ ಗ್ಯಾದರಿಂಗ್ ಹಿಂದ ಆಗಿದ್ದಿಲ್ಲ."

ಹೋದ ಜೀವ ಬಂತು. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಆದ್ರ ಸರಗ ಒಂದ ಮಾತು ಹೇಳ್ರಿ. ಅವರು ಗೆಲ್ಲಲಿ ಅಂತ ನಾ ಬೇಕಂತನ ತಪ್ಪು ಒತ್ತಿದ್ದು. ಐವತ್ತಾರು ನನಗ ಗೊತ್ತಿತ್ತು."

"ಇಲ್ಲೇ ಅದಾರಲ್ರಿ ಸರ, ನೀವ ಹೇಳ್ರಿ."

"ನಾ ಹೇಳಿದ್ರ, ಗೊತ್ತಿದ್ದೂ ತಪ್ಪು ಒತ್ತಿದಿಯೇನೋ ಅಂತ ಮತ್ತ ನಿಂದ್ರಸ್ತಾರ್ರಿ!"