ಅಪ್ಪನ ಕಾಲು ಕೊಯ್ದವರು ಯಾರು

ಎದೆ ಆಪರೇಷನ್‌ಗೆ ಬಂದವರ ಕಾಲು ಕೊಯ್ಯುವುದು ನನ್ನ ಕೆಲಸ. ಬೈಪಾಸ್ ಮಾಡುವಾಗ ಹೃದಯಕ್ಕೆ ಜೋಡಿಸಲು ಕಾಲಿನಿಂದ ಒಂದು ನರ, ಅಂದರೆ ರಕ್ತನಾಳ, ತೆಗೆದುಕೊಡಬೇಕು. ಇದನ್ನು ಕೇಳಿದವರು ಏನಾದರೊಂದು ಅನ್ನದೆ ಬಿಡುವುದಿಲ್ಲ, ಹಾಗಾಗಿ ನಮ್ಮಲ್ಲಿ ನಗುವಿಗೆ ಬರವಿಲ್ಲ. ಆದರೆ ನನಗೆ ಸಿಕ್ಕ ಒಳ್ಳೊಳ್ಳೆ ಪ್ರಸಂಗಗಳೆಲ್ಲ ಅಪ್ಪನವು. ಅಪ್ಪ ಈಗಿಲ್ಲ. ನಗುತ್ತಲೇ ಹೇಳಲು ಶುರುಮಾಡುತ್ತೇನೆ, ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿರುತ್ತೇನೆ.

ತೆಗೆದ ಜಾಗಕ್ಕೆ ಏನು?

ಅಪ್ಪ ತೊಂಡೇಬಾವಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಎದೆನೋವು ಬಂದಾಗ ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಹೃದಯ ತುಂಬ ಸೋತಿದೆ, ಆಪರೇಷನ್ ಆದರೂ ಎಷ್ಟು ಕಾಲವೋ ಹೇಳಲಾಗದು ಎಂದರು ಡಾಕ್ಟರು. ಕಾಲಿನ ನರದ ವಿಷಯ ನಾನೇ ಹೇಳಿದೆ.

ಅಪ್ಪ ಪಂಚೆ ಎತ್ತಿ ಕಾಲು ನೋಡಿಕೊಂಡರು. "ತೆಗೆದ ಜಾಗಕ್ಕೆ ಏನು ಹಾಕ್ತೀರಮ್ಮ?"

"ಏನೂ ಇಲ್ಲಪ್ಪ. ಅದರ ಕೆಲಸಾನ ಬೇರೆ ನರಗಳು ನೋಡ್ಕೊಳ್ತವೆ."

"ಹಂಗಾದ್ರೆ ಇಷ್ಟು ವರ್ಷ ಇದು ಸುಮ್ನೆ ಕೂತಿತ್ತಾ? ನಿಮ್ಮ ಚಿಕ್ಕಪ್ಪನ ಥರ."

ಜಾಲಿಮುಳ್ಳು

ನರ ನಾನೇ ತೆಗೆಯಬೇಕೆಂದು ಅಪ್ಪ ಹಟ ಹಿಡಿದರು. ಮನೆಯವರ ಮೈಮೇಲೆ ನಾವೇ ಬ್ಲೇಡು ಆಡಿಸುವಂತಿಲ್ಲ, ಕೈ ನಡುಗುತ್ತದೆ ಎಂದೆ.

"ನಿನ್ನ ಕಾಲಿಗೆ ಜಾಲಿಮುಳ್ಳು ಹೊಕ್ಕಾಗ ಕೈ ನಡುಗಿಸ್ಕೊಂಡೇ ನಾನು ತೆಗೀಲಿಲ್ವಾ?"

ಮುಖ ಆಚೆ ತಿರುಗಿಸಿಕೊಂಡೆ. ನನಗೆ ಈ ಕೆಲಸ ಕಲಿಸಿದ ಹಿರಿಯ ಸರ್ ಬಂದು, ತಾವೇ ತೆಗೆಯುವುದಾಗಿ ಹೇಳಿದರು. ಉದ್ದಕ್ಕೆ ಕೊಯ್ದು ತೆಗೆಯಬಹುದು, ಇಲ್ಲವೇ ಮೊಣಕಾಲ ಹತ್ತಿರ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ತೆಗೆಯಬಹುದು ಎಂದು ವಿವರಿಸಿದರು.

"ಉದ್ದಕ್ಕೇ ಕೊಯ್ರಿ" ಎಂದರು ಅಪ್ಪ. "ತೂತು ತೋರ್ಸಿದ್ರೆ ಊರಲ್ಲಿ ಯಾರು ನಂಬ್ತಾರೆ?"

ನರ ಅಂಕುಡೊಂಕಾಗಿದ್ದುದರಿಂದ ಸರ್ ಲೆಕ್ಕಾಚಾರವೂ ಅದೇ ಆಗಿತ್ತು. ಅವರು ಅತ್ತ ಹೋಗುತ್ತಿದ್ದಂತೆ ಅಪ್ಪ ದನಿ ತಗ್ಗಿಸಿದರು. "ಎಲ್ಲರ ಮುಂದೆ ಹಂಗೆ ಹೇಳ್ಬೇಕು, ಗೊತ್ತು ಕಣಮ್ಮ. ಒಳಗೆ ನೀನೇ ಮಾಡು."

ಪಂಚೆ ಮೇಲಕ್ಕೆ

ಸರ್ ಅಪ್ಪನ ಕಾಲು ಕೊಯ್ಯುವಾಗ ನಾನು ಪಕ್ಕದ ಥಿಯೇಟರಿನಲ್ಲಿ ಚಿಂತಾಮಣಿಯಿಂದ ಬಂದವರೊಬ್ಬರ ನರ ಬಿಡಿಸುತ್ತಿದ್ದೆ. ಕೈ ನಡುಗಲಿಲ್ಲ. ಅವರು ಬೇರೆಯವರ ಅಪ್ಪ.

ಊರಿಗೆ ಮರಳಿದ ಮೇಲೆ ಬ್ರೆಡ್ಡು, ದ್ರಾಕ್ಷಿ ಹಿಡಿದು ನೋಡಲು ಬಂದವರಿಗೆಲ್ಲ ಅಪ್ಪ ಪಂಚೆ ಸರಿಸಿ ಹಿಮ್ಮಡಿಯಿಂದ ತೊಡೆವರೆಗಿನ ಗೆರೆ ತೋರಿಸುತ್ತಿದ್ದರು. "ನಮ್ಮ ಹುಡುಗಿ ಕೊಯ್ದಿದ್ದು."

"ನಾನಲ್ಲಪ್ಪ, ನಮ್ಮ ಸರ್" ಎನ್ನುತ್ತಿದ್ದೆ.

"ನೋಡಿದ್ರಾ, ಒಂಚೂರೂ ಜಂಬ ಇಲ್ಲ." ಪಕ್ಕದಲ್ಲಿ ಅಮ್ಮ ಹೌದೆಂದು ತಲೆಯಾಡಿಸುತ್ತಿದ್ದರು.

ಗೌರಿಬಿದನೂರಿನ ಸೋದರತ್ತೆ ಕಾಲನ್ನೆಲ್ಲ ನೋಡಿ ಮುಗಿಸಿ, ನನ್ನನ್ನು ಅಡುಗೆಮನೆಗೆ ಕರೆದರು. "ಕಾಲಿಂದು ಚೆನ್ನಾಗಾಗಿದೆ. ಎದೇದು ಯಾವಾಗ ಮಾಡ್ತಾರಂತೆ?"

ಕಲಿಯುವುದು

ಕೆಲವು ತಿಂಗಳಿಗೆ ಅಪ್ಪನ ಹೃದಯ ನಿಂತಿತು. ಕಾಲಿನ ಗಾಯ ಮಾತ್ರ ಒಂದಿಷ್ಟೂ ಕೀವಾಗದೆ, ಬಾವು ಬರದೆ ಮಾಗಿತ್ತು. ಮೈ ತೊಳೆಯುವಾಗ ಆ ಗೆರೆ ನೋಡಿ ನನಗೆ ತಡೆಯಲಾಗಲಿಲ್ಲ. ನನ್ನ ಅಪ್ಪನಿಗೆ ನಾನು ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ.

ವಿಷಯ ತಿಳಿದು ಸರ್ ಬಂದರು. ನಾನು ಅವರನ್ನು ಅಮ್ಮನ ಮುಂದೆ ಕರೆದುಕೊಂಡು ಹೋಗಿ, "ಅಮ್ಮ, ಅಪ್ಪನ ಕಾಲು ಇವರೇ..." ಎನ್ನುವಷ್ಟರಲ್ಲಿ ಅಳು ಬಂದು ಮಾತು ನಿಂತಿತು.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರನ್ನು ನೋಡಿದರು. "ನೀನೂ ಕಾಲು ಕೊಯ್ಯೋ ಕೆಲಸಾನೇನಪ್ಪ?"

"ಹೌದಮ್ಮ."

"ನಮ್ಮೆಜಮಾನ್ರು ಎದೆ ನೋವು ಅಂತ ಎಷ್ಟು ಒದ್ದಾಡಿದ್ರು. ಕಾಲು ನೋವು ಅಂತ ಒಂದಿನ ಅನ್ಲಿಲ್ಲ. ನಮ್ಮ ಹುಡುಗಿ ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿ, ಸ್ವಲ್ಪ ಕಲ್ತ್ಕೊಳ್ಳಪ್ಪ."

ಸರ್ ಕೈ ಮುಗಿದರು. "ಕಲೀತಾ ಇದೀನಮ್ಮ" ಎಂದರು.