ಸಂಕಟಮಾಪಕ ಕೊಡಿಸಿದ ದೋಣಿ

ಚಂದ್ರಾಮ ಮಾಸ್ತರ ತನ್ನ ಹೊಸ ಯಂತ್ರಕ್ಕೆ ಹೊದಿಸಿದ್ದ ಟವೆಲ್ಲನ್ನು ಎಳೆದಾಗ, ಅಕ್ಕ ಸಂಗವ್ವನ ಕಣ್ಣಿಗೆ ಮೊದಲು ಬಿದ್ದದ್ದು ಕಾಣೆಯಾಗಿದ್ದ ತನ್ನ ಮಿಕ್ಸರು. ಅದರ ನೆತ್ತಿಗೆ ಫ್ಯಾನಿನ ರೆಕ್ಕೆ, ಪಕ್ಕಕ್ಕೆ ಭಜನಾ ಮಂಡಳಿಯ ಧ್ವನಿವರ್ಧಕ. ಹೆಸರು ಸಂಕಟಮಾಪಕ. ಹವಾಮಾನ ಕೆಟ್ಟು ಹೊಳೆ ಏರಿದರೆ ಯಾವ ಓಣಿ ಎಷ್ಟು ನರಳುತ್ತದೆ, ಆ ನರಳಿಕೆ ವರ್ಷದಿಂದ ವರ್ಷಕ್ಕೆ ಏರುತ್ತದೋ ಇಳಿಯುತ್ತದೋ ಎಂದು ಅದು ಅಳೆಯುತ್ತದಂತೆ. ಹಿಂದಿನ ವರ್ಷಗಳಿಗೆ ಗೋಡೆಯ ಮೇಲಿನ ಕೆಸರಿನ ಗೆರೆ ಮೂಸುತ್ತದೆ. ಈ ವರ್ಷಕ್ಕೆ ಮನೆಯ ಸಾಮಾನು ಎಣಿಸುತ್ತದೆ, ಕೂಗಿದರೆ ಎಷ್ಟು ಜನ ಓಡಿಬರುತ್ತಾರೆಂದು ನೋಡುತ್ತದೆ.

ಸಂಗವ್ವನಿಗೆ ಬೇಕಾಗಿದ್ದದ್ದು ದೋಣಿ. ಪರಿಹಾರ ಕಚೇರಿಗೆ ಬಂದ ಒಂದೇ ಮೋಟಾರು ದೋಣಿಯನ್ನು, ಯಂತ್ರ ತೋರಿಸಿದ ಅತಿ ಸಂಕಟದ ಜಾಗದಲ್ಲಿ ನಿಲ್ಲಿಸಲು ಅಲ್ಲಿಯ ಸಾಹೇಬರು ಒಪ್ಪಿದ್ದರು. ಹೋದ ಪ್ರವಾಹದಲ್ಲಿ ಅಕ್ಕ ತಮ್ಮ ಇಬ್ಬರೂ ಹಾಸಿಗೆ ಹಿಡಿದ ಅವ್ವನನ್ನು ಕದ ಕಿತ್ತು, ಅದರ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಹೊತ್ತಿದ್ದರು. ದಾರಿಯುದ್ದಕ್ಕೂ ಯಾರೂ ಮಾತಾಡಿರಲಿಲ್ಲ. ನೀರಿನ ಸದ್ದು ಮರೆತರೂ ಸಂಗವ್ವ ಆ ಮೌನವನ್ನು ಮರೆತಿರಲಿಲ್ಲ.

ಸಾಹೇಬರು ಬಂದ ದಿನ ಓಣಿ ಮಾಡಬಾರದ್ದನ್ನೇ ಮಾಡಿತು. ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಎಲ್ಲರ ಚೆಂದದ ಸಾಮಾನು ಆ ಮನೆ ಸೇರುವುದು ಅಲ್ಲಿಯ ರೂಢಿ. ಅಳೆಯಲು ಬರುವವರೂ ಹೊರಗಿನವರೇ ತಾನೆ? ಯಂತ್ರ ಮುಂಬಾಗಿಲಿನಿಂದ ಒಳಗೆ ಬಂದರೆ, ಓಣಿಯ ಏಕೈಕ ಫ್ರಿಜ್ಜು ಹಿತ್ತಿಲಿನಿಂದ ಬರುತ್ತಿತ್ತು. ಒಂದೇ ಫ್ರಿಜ್ಜು ಎಲ್ಲ ಮನೆಗಳಲ್ಲೂ ಎಣಿಕೆಗೆ ಸಿಕ್ಕಿತು. ಅವ್ವನ ಮುರುಕು ಮಂಚವನ್ನಾದರೂ ಯಂತ್ರ ನೋಡಲೆಂದು ಸಂಗವ್ವ ಮನೆಗೆ ಓಡಿದರೆ, ಅವ್ವ ಯಾರದೋ ಇಳಕಲ್ ಸೀರೆ ಹೊದ್ದು, ಯಾರದೋ ದಿಂಬುಗಳಿಗೆ ಒರಗಿದ್ದಳು.

“ಏನ್ ಮಾಡಿದಿ ಯವ್ವಾ?”

“ಬಂದ ಮಂದಿ ಮುಂದ ಬಡತನ ಹರವಿಕೊಂಡ ಕುಂದ್ರಲೇನ?”

ಚಂದ್ರಾಮ ಕೂಗಿದ. ಇಡೀ ಓಣಿ ಓಡಿಬಂತು. ಪ್ರವಾಹದ ವರ್ಷಕ್ಕೆ ಕೆಂಪಿನಲ್ಲಿದ್ದ ಮುಳ್ಳು ಈ ವರ್ಷಕ್ಕೆ ಹಸಿರಿಗೆ ಜಿಗಿಯಿತು. ಧ್ವನಿವರ್ಧಕ ಭಜನೆಯ ಧಾಟಿಯಲ್ಲಿ ‘ಭದ್ರ, ಭದ್ರ’ ಎಂದು ಹಾಡಿತು. ಇಂಥ ಪ್ರಗತಿಯನ್ನು ಸಾಹೇಬರು ಎಲ್ಲಿಯೂ ಕಂಡಿರಲಿಲ್ಲವಂತೆ.

ಯಂತ್ರ ಕೆಟ್ಟಿದೆಯೆಂದು ಸಂಗವ್ವ ಜಗಳ ತೆಗೆದಳು. ಕೆಟ್ಟಿದ್ದರೆ ಎಲ್ಲ ಕಡೆಯೂ ಹೀಗೇ ಹಾಡಬೇಕು, ಬೇಕಾದರೆ ಗುಡ್ಡದ ಮೇಲಿನ ಸಾಹೇಬರ ಬಂಗಲೆಯಲ್ಲೇ ನೋಡೋಣವೆಂದು ಚಂದ್ರಾಮ ರೇಗಿದ. ಸಾಹೇಬರು ವರ್ಗವಾಗಿ ಬಂದಿದ್ದರು, ಅವರ ಸಾಮಾನಿನ ಲಾರಿ ಬಂದಿರಲಿಲ್ಲ. ಅಷ್ಟು ದೊಡ್ಡ ಬಂಗಲೆಯಲ್ಲಿ ಒಂದು ಚಾಪೆ, ಒಂದು ಬಕೆಟ್ಟು. ಸಾಹೇಬರೇ ಕೂಗಿದರು. ಯಾರೂ ಬರಲಿಲ್ಲ. ಮತ್ತೆ ಕೂಗಿದರು. ಮುಳ್ಳು ಕೆಂಪನ್ನೂ ದಾಟಿ ಗಾಜು ಒಡೆದುಕೊಂಡು ಹೊರಬಂತು. ಧ್ವನಿವರ್ಧಕ ಗೊಳೋ ಎಂದು ಅಳತೊಡಗಿತು, ವೈರು ಕಿತ್ತರೂ ನಿಲ್ಲಲಿಲ್ಲ. ಸಾಹೇಬರು ಚಾಪೆಯ ಮೇಲೆ ಕುಳಿತರು. ತಾವು ಸಂಕಟದಲ್ಲಿದ್ದೇವೆಂದು ಅವರಿಗೂ ಬಹಳ ದಿನದಿಂದ ಅನುಮಾನವಿತ್ತಂತೆ.

ನಿಯಮ ನಿಯಮವೇ. ದೋಣಿ ಗುಡ್ಡ ಹತ್ತಿತು.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಮಧ್ಯಾಹ್ನ ಚಂದ್ರಾಮ ಕದದ ತಿರುಪು ಬಿಚ್ಚಿದ. ಸಂಗವ್ವ ಇನ್ನೊಂದು ತುದಿ ಹಿಡಿದಳು. ರಿಪೇರಿಗೆಂದು ತಂದಿಟ್ಟಿದ್ದ ಯಂತ್ರ ಹಿಂದೆ ತೇಲುತ್ತ ‘ಭದ್ರ, ಭದ್ರ’ ಎನ್ನುತ್ತಿತ್ತು.

ಗುಡ್ಡದ ಮೇಲೆ, ಒಣಹುಲ್ಲಿನಲ್ಲಿ, ದೋಣಿ ತಾಡಪತ್ರಿ ಹೊದ್ದು ನಿಂತಿತ್ತು. ಯಾರದೆಂದು ಅವ್ವ ಕದದ ಮೇಲಿನಿಂದಲೇ ಕೇಳಿದಳು. ಸಾಹೇಬರದೆಂದು ಸಂಗವ್ವ ಹೇಳಿದಳು.

“ಇರಲಿ ಬಿಡವ್ವ,” ಎಂದಳು ಅವ್ವ. “ಅವರ ಕದಾ ಹೊರಾಕ ಯಾರ ಅದಾರ, ಪಾಪ.”